ಸಿಂಗಳೀಕ, ಮಲಬಾರ್ ಮರನೆಲಗಪ್ಪೆ: ಒಂದೇ ಫಲಕದಲ್ಲಿ ಹೋಲಿಸೋದು ಹೇಗೆ?

ಬಸವನಗುಡಿ ಬಳಗ:
ಎಲ್ಲರಿಗೂ ನಮಸ್ಕಾರ. ಮೇ ಕೊನೆಯ ವಾರ ಬೆಂಗಳೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಶ್ಚಿಮ ಘಟ್ಟದ ಜೀವಿಗಳ ಪ್ರದರ್ಶನ ಇಡ್ತಿದ್ದೀವಿ. ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಒಂದು ಫಲಕ. ಎಡಕ್ಕೆ ಸಿಂಗಳೀಕ, ಬಲಕ್ಕೆ ಮಲಬಾರ್ ಮರನೆಲಗಪ್ಪೆ. ಎರಡೂ ಮರದ ಮೇಲೆ ಬದುಕೋವು, ಎರಡೂ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಎರಡಕ್ಕೂ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ‘ಅಳಿವಿನಂಚಿನ’ ದರ್ಜೆ. ತಲೆಬರಹಕ್ಕೆ "ಸಿಂಗಳೀಕ ಉಳಿದರೆ ಕಪ್ಪೆಯೂ ಉಳಿಯುತ್ತದೆ" ಅಂತ ಹಾಕಬೇಕು ಅಂತಿದ್ದೀವಿ. ಸರಿ ಇದೆಯಾ? ಹೋಲಿಕೆಗೆ ಯಾವ ಅಂಶಗಳನ್ನ ತಗೋಬೇಕು? ಇನ್ನೊಂದು ವಿಷಯ: ಜೂನ್ ಮೊದಲ ವಾರ ಹನ್ನೆರಡು ಜನ ತಾಳಗುಪ್ಪ ರೈಲಲ್ಲಿ ಹೋಗಿ, ಶನಿವಾರ ಭಾನುವಾರ ಎರಡನ್ನೂ ಎಣಿಸಿಕೊಂಡು ಬರೋಕೆ ಆಗುತ್ತಾ?

ಕೆಂಪುಪಟ್ಟಿ ಓದುಗಿ:
ದರ್ಜೆಯ ವಿಷಯ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ನಿಮ್ಮ ಫಲಕದ ಅಡಿಪಾಯವೇ ಅದು. ಎರಡಕ್ಕೂ ಒಂದೇ ದರ್ಜೆ ಸಿಕ್ಕಿದೆ, ಆದರೆ ಸಿಕ್ಕ ಕಾರಣ ಬೇರೆ ಬೇರೆ. ಐಯುಸಿಎನ್ ಅಳತೆಗೋಲಿನಲ್ಲಿ ಎ ಇಂದ ಇ ವರೆಗೆ ಐದು ಮಾನದಂಡ ಇವೆ. ಸಿಂಗಳೀಕ ಈ ದರ್ಜೆಗೆ ಬಂದಿದ್ದು ಸಿ ಮಾನದಂಡದಲ್ಲಿ: ಮರಿ ಹಾಕುವ ವಯಸ್ಸಿಗೆ ಬಂದ ಪ್ರಾಣಿಗಳು 2,500ಕ್ಕಿಂತ ಕಡಿಮೆ, ಜೊತೆಗೆ ಸಂಖ್ಯೆ ಇನ್ನೂ ಇಳಿಯುತ್ತಿದೆ. ಕರ್ನಾಟಕ, ಕೇರಳ, ತಮಿಳುನಾಡು ಮೂರೂ ಸೇರಿ ಕಾಡಿನಲ್ಲಿರುವುದು ಸುಮಾರು 4,000. ಅಂದರೆ ಅಲ್ಲಿ ನೋಡಿದ್ದು ತಲೆ ಎಣಿಕೆ.

ಕಪ್ಪೆಗೆ ತಲೆ ಎಣಿಸಿದವರು ಯಾರೂ ಇಲ್ಲ, ಎಣಿಸೋಕೂ ಆಗಲ್ಲ. 2004ರ ಮೌಲ್ಯಮಾಪನದಲ್ಲಿ ಅದು ಬಿ ಮಾನದಂಡದಲ್ಲಿ ಬಂತು: ವ್ಯಾಪ್ತಿ 5,000 ಚದರ ಕಿ.ಮೀ.ಗಿಂತ ಕಡಿಮೆ, ನಿಜವಾಗಿ ವಾಸವಿರುವ ಜಾಗ 500 ಚದರ ಕಿ.ಮೀ.ಗಿಂತ ಕಡಿಮೆ, ಇರುವ ಕಾಡೂ ತುಂಡು ತುಂಡು, ಆ ತುಂಡುಗಳ ಗುಣಮಟ್ಟವೂ ಕೆಡುತ್ತಿದೆ. ಇಲ್ಲಿ ನೋಡಿದ್ದು ನಕ್ಷೆ. ನಕ್ಷೆ ನೋಡಿ ಕೊಟ್ಟ ದರ್ಜೆಗೂ ತಲೆ ಎಣಿಸಿ ಕೊಟ್ಟ ದರ್ಜೆಗೂ ಇರುವ ವ್ಯತ್ಯಾಸ ಮಕ್ಕಳಿಗೆ ಗೊತ್ತಾಗಲೇಬೇಕು. ಹೊಸ ಜಾಗದಲ್ಲಿ ಕಪ್ಪೆ ಸಿಕ್ಕಿದರೆ ನಕ್ಷೆ ಹಿಗ್ಗುತ್ತದೆ. ಕಪ್ಪೆಗಳ ಸಂಖ್ಯೆ ಹೆಚ್ಚಾಯಿತು ಅಂತ ಅದರ ಅರ್ಥ ಅಲ್ಲ, ಹುಡುಕಿದವರು ಹೆಚ್ಚಾದರು ಅಂತ. ಫಲಕದಲ್ಲಿ ದರ್ಜೆ ಬರೆದ ಕಡೆಯೆಲ್ಲ ಮೌಲ್ಯಮಾಪನದ ವರ್ಷ ಹಾಕಿ, ಮುದ್ರಣಕ್ಕೆ ಕೊಡುವ ದಿನ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿ.

ಕಾನುದಾರಿ:
ತಲೆಬರಹ ಬದಲಾಯಿಸಿ ಮಾರಾಯ್ರೆ. ನಕ್ಷೆಯಲ್ಲೇ ಅದು ಬಿದ್ದುಹೋಗ್ತದೆ. ಸಿಂಗಳೀಕದ ಉತ್ತರದ ಗಡಿ ಇವತ್ತು ಶಿರಸಿ–ಹೊನ್ನಾವರ ನಡುವಿನ ಅಘನಾಶಿನಿ ಕಣಿವೆ. ಮರನೆಲಗಪ್ಪೆ ಅಲ್ಲಿಂದ ಎಷ್ಟೋ ಉತ್ತರಕ್ಕೆ, ಕಾಳಿ ನದಿ ದಾಟಿ ಕ್ಯಾಸಲ್‌ರಾಕ್ ಕಡೆ, ಗೋವಾದ ಮೊಲ್ಲೆಂ ಕಾಡಲ್ಲಿ ಇದೆ. ಆ ಕಾಡುಗಳಲ್ಲಿ ಸಿಂಗಳೀಕ ಒಂದೂ ಇಲ್ಲ. ಇನ್ನು ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಎರಡೂ ಇವೆ. ಹಾಗಾಗಿ ಎರಡರ ವ್ಯಾಪ್ತಿ ಕೆಲವು ಕಡೆ ಒಂದರ ಮೇಲೊಂದು ಬರ್ತದೆ, ಕೆಲವು ಕಡೆ ಬರೋದಿಲ್ಲ. ಬಾರದ ಕಡೆ ಸಿಂಗಳೀಕದ ಹೆಸರಲ್ಲಿ ಆದ ಅಭಯಾರಣ್ಯದಿಂದ ಕಪ್ಪೆಗೆ ಏನೂ ದಕ್ಕೋದಿಲ್ಲ.

ಅಭಯಾರಣ್ಯದ ಲೆಕ್ಕ ಬೇಕಾದರೆ: 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು, 299.52 ಚದರ ಕಿ.ಮೀ. 2019ರಲ್ಲಿ ಅದನ್ನೂ ಶರಾವತಿ ಕಣಿವೆ ಅಭಯಾರಣ್ಯವನ್ನೂ ಸೇರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಅಂತ ಮಾಡಿದರು, 930.16 ಚದರ ಕಿ.ಮೀ. ಶಿರಸಿ–ಹೊನ್ನಾವರ ಕಾಡಲ್ಲಿ 2000ರ ದಶಕದ ಸಮೀಕ್ಷೆ ಅಂದಾಜು ಮಾಡಿದ್ದು 32 ಗುಂಪು, 638 ಪ್ರಾಣಿ. ಒಟ್ಟು 4,000ದಲ್ಲಿ ಇಷ್ಟು ಒಂದೇ ಕಡೆ ಇದೆ ಅಂದರೆ ಆ ಕಣಿವೆ ಎಷ್ಟು ಮುಖ್ಯ ಅನ್ನೋದು ನಿಮಗೇ ಗೊತ್ತಾಗ್ತದೆ.

ಹಳ್ಳದಂಚು:
ಕಾನುದಾರಿ ಸರ್ ಹೇಳಿದ್ದು ನಕ್ಷೆಯ ಮಾತು. ಇಬ್ಬರೂ ಒಂದೇ ಕಾಡಿನಲ್ಲಿ ಇದ್ದ ಕಡೆಯೂ ಆ ತಲೆಬರಹ ನಿಲ್ಲಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೀತೀನಿ.

ಮರನೆಲಗಪ್ಪೆ ಹೆಚ್ಚೆಂದರೆ ನಾಲ್ಕು ಸೆಂ.ಮೀ. ಉದ್ದ. ವರ್ಷದ ಹೆಚ್ಚಿನ ಪಾಲು ಮರದ ಪೊಟರೆ, ಎಲೆ ಗೊಂಚಲುಗಳ ನಡುವೆ ಇರುತ್ತೆ. ನೆಲಕ್ಕೆ ಇಳಿಯೋದು ಮುಂಗಾರಿಗೆ ಮೊದಲಿನ ಮಳೆ ಮತ್ತು ಮುಂಗಾರಿನ ಶುರುವಿನ ಮಳೆಗೆ, ಮೊಟ್ಟೆ ಇಡೋಕೆ. ಕಾಡಿನ ಒಳಗಿನ ಚಿಕ್ಕ ಹಳ್ಳದ ಪಕ್ಕ ಗಂಡುಗಳು ಮೆಲ್ಲಗೆ ‘ಶಿರ್ರ್’ ಅಂತ ಕೂಗ್ತವೆ, ಜೋಡಿಯಾಗಿ ನೀರಿಗೆ ಇಳಿದು ಮೊಟ್ಟೆ ಇಟ್ಟು ಮತ್ತೆ ಮರ ಹತ್ತುತ್ತವೆ. ಹೀಗಾಗಿ ಈ ಕಪ್ಪೆಗೆ ಎರಡು ಮನೆ ಬೇಕು: ಮೇಲೆ ಹಳೇ ಮರ, ಕೆಳಗೆ ಹಾಳಾಗದ ಪುಟ್ಟ ಹಳ್ಳ. ಮೇಲಿನ ಹಸಿರು ಚಪ್ಪರಕ್ಕೆ ಒಂದಿಷ್ಟೂ ಧಕ್ಕೆ ಆಗದೆ ಹಳ್ಳ ಮಾತ್ರ ಕೆಡಬಹುದು. ಪೈಪ್ ಹಾಕಿ ನೀರು ತಿರುಗಿಸಿದರೆ, ಕಲ್ಲು ಮರಳು ಎತ್ತಿದರೆ, ರಸ್ತೆ ಮಾಡಿ ಮಣ್ಣನ್ನ ಇಳಿಜಾರಿಗೆ ತಳ್ಳಿದರೆ ಸಿಂಗಳೀಕದ ಗುಂಪು ಅದೇ ಮರಗಳ ಮೇಲೆ ಎಂದಿನ ಹಾಗೆ ಓಡಾಡ್ತಾ ಇರುತ್ತೆ, ಕೆಳಗೆ ಗೊದಮೊಟ್ಟೆಗಳು ಹೂಳಿನಲ್ಲಿ ಉಸಿರು ಕಟ್ಟಿ ಸಾಯ್ತವೆ. ಸಿಂಗಳೀಕ ಎಣಿಸಿ "ಕಾಡು ಚೆನ್ನಾಗಿದೆ" ಅಂತ ವರದಿ ಬರೆದವರಿಗೆ ಇದು ಕಾಣಿಸೋದೇ ಇಲ್ಲ.

ಇನ್ನೊಂದು ವಿಷಯವೂ ಮಕ್ಕಳಿಗೆ ಇಷ್ಟ ಆಗಬಹುದು. ಸಿಂಗಳೀಕದ ಊಟದಲ್ಲಿ ಹಣ್ಣು, ಬೀಜದ ಜೊತೆ ಕೀಟ, ಬಸವನಹುಳು, ಹಲ್ಲಿ, ಮರಗಪ್ಪೆಗಳೂ ಇವೆ. ಕಪ್ಪೆಯನ್ನ ತಿನ್ನೋ ಮಂಗನೇ ಕಪ್ಪೆಯ ರಕ್ಷಕ ಅಂತ ಫಲಕದಲ್ಲಿ ಬರೆಯೋದು ಬೇಡ.

ಬಸವನಗುಡಿ ಬಳಗ:
ತಲೆಬರಹ ಕೈಬಿಟ್ಟೆವು. ಹಾಗಾದರೆ ಹೋಲಿಕೆಯ ಅಂಶ ಯಾವುದು ಇಡೋಣ? ಬಣ್ಣ, ತೂಕ, ಆಹಾರ ಅಂತ ಕೋಷ್ಟಕ ಮಾಡಿದರೆ ಪಠ್ಯಪುಸ್ತಕದ ಥರ ಆಗುತ್ತೆ.

ಕಾನುದಾರಿ:
ಹೆರಿಗೆಯ ವೇಗ ಇಡಿ. ಸಂರಕ್ಷಣೆಯ ಅರ್ಧ ಗಣಿತ ಅದರಲ್ಲೇ ಇದೆ.

ಹೆಣ್ಣು ಸಿಂಗಳೀಕ ಕಾಡಿನಲ್ಲಿ ಮೊದಲ ಮರಿ ಹಾಕೋದು ಸುಮಾರು ಆರೂವರೆ ವರ್ಷಕ್ಕೆ. ಗರ್ಭ ಆರು ತಿಂಗಳ ಹತ್ತಿರ. ಒಂದು ಸಲಕ್ಕೆ ಒಂದೇ ಮರಿ. ಮುಂದಿನ ಮರಿಗೆ ಎರಡೂವರೆಯಿಂದ ಮೂರು ವರ್ಷ. ವರ್ಷಕ್ಕೆ ಹೆಣ್ಣಿಗೆ 0.3 ಮರಿ ಅಂತ ಲೆಕ್ಕ ಇಟ್ಟುಕೊಳ್ಳಿ. ಒಂದು ಗುಂಪಿನಲ್ಲಿ ಎಂಟು ದೊಡ್ಡ ಹೆಣ್ಣಿದ್ದರೆ ವರ್ಷಕ್ಕೆ ಎರಡು ಅಥವಾ ಮೂರು ಮರಿ, ಅದರಲ್ಲಿ ಎಲ್ಲವೂ ಬದುಕೋದಿಲ್ಲ. ರಸ್ತೆಯಲ್ಲಿ ಎರಡು ಹೆಣ್ಣು ಸತ್ತರೆ ಆ ವರ್ಷದ ಹೆಚ್ಚಳ ಪೂರ್ತಿ ಹೋಯ್ತು, ಮೇಲಿಂದ ಮುಂದಿನ ವರ್ಷಗಳ ಮರಿಗಳೂ ಹೋದವು. ಇಂಥ ಪ್ರಾಣಿಗೆ ಒಂದೊಂದು ಜೀವವೂ ಲೆಕ್ಕಕ್ಕೆ ಬರ್ತದೆ. ಬೇಟೆ, ವಿದ್ಯುತ್ ತಂತಿ, ವಾಹನ, ಇವು ಮೂರೂ ಅದಕ್ಕೇ ಅಷ್ಟು ಭಾರ.

ಹಳ್ಳದಂಚು:
ಕಪ್ಪೆಯ ಗಣಿತ ತಿರುಗಾಮುರುಗಾ. ನೆಲಗಪ್ಪೆ ಕುಟುಂಬದಲ್ಲಿ ಹೆಣ್ಣು ಒಂದೇ ಸಲಕ್ಕೆ ಸಾಲು ಮೊಟ್ಟೆ ಇಟ್ಟುಬಿಡುತ್ತೆ. ಬೆಂಗಳೂರಿನ ಕೆರೆ ಅಂಚಲ್ಲಿ ಕಾಣೋ ಸಾಮಾನ್ಯ ನೆಲಗಪ್ಪೆ ಸಾವಿರಾರು ಇಡುತ್ತೆ, ಲೋಳೆಯ ಉದ್ದ ದಾರದಲ್ಲಿ ಪೋಣಿಸಿದ ಕಪ್ಪು ಕಾಳುಗಳು. ಹೆಚ್ಚಿನವು ಸಾಯ್ತವೆ, ಅದು ಮಾಮೂಲು. ಒಂದು ದೊಡ್ಡ ಕಪ್ಪೆ ಸತ್ತರೆ ಸಂತತಿ ಅಲ್ಲಾಡಲ್ಲ. ಆದರೆ ಒಂದು ಹಳ್ಳದ ಮರಿ ಮಾಡುವ ಕಾಲ ಪೂರ್ತಿ ಕೆಟ್ಟರೆ ಆ ಹಳ್ಳದ ಒಂದು ತಲೆಮಾರೇ ಹೋಗುತ್ತೆ. ಮತ್ತೆ ಎರಡು ಮೂರು ವರ್ಷ ಹೀಗೇ ಆದರೆ ಆ ಹಳ್ಳದಲ್ಲಿ ಕಪ್ಪೆ ಇಲ್ಲ, ಪಕ್ಕದ ಹಳ್ಳದಿಂದ ನಾಲ್ಕು ಸೆಂ.ಮೀ. ಪ್ರಾಣಿ ರಸ್ತೆ, ತೋಟ ದಾಟಿ ಬರೋದೂ ಕಷ್ಟ. ಮಂಗಕ್ಕೆ ಅಪಾಯ ಒಂದೊಂದಾಗಿ ಬರುತ್ತೆ, ಕಪ್ಪೆಗೆ ಕೆಲವೇ ವಾರದಲ್ಲಿ ಒಟ್ಟಿಗೆ ಬರುತ್ತೆ.

ಈ ಕೆಲವು ವಾರಗಳ ಬಗ್ಗೆ ಎಲ್ಲರೂ ಗಮನಿಸಬೇಕಾದ ಒಂದು ವಿಷಯ ಇದೆ. ಮಲೆನಾಡಿನಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯೋದು ಯಾವಾಗ? ಮೊದಲ ಸುತ್ತು ಮುಂಗಾರು ಹಿಡಿಯೋ ಹೊತ್ತಿಗೆ, ಎರಡನೇದು ಅಲ್ಲಿಂದ 40–45 ದಿನಕ್ಕೆ. ಹಳ್ಳಗಳಲ್ಲಿ ಮೊಟ್ಟೆ, ಗೊದಮೊಟ್ಟೆ ಇರೋ ಕಾಲವೂ ಅದೇ. ಶೇ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ತಾಮ್ರ ಗೊದಮೊಟ್ಟೆಗೆ ವಿಷ. ಮರದ ಮೇಲೆ ಬಿದ್ದಿದ್ದಕ್ಕಿಂತ ಹೆಚ್ಚು ಕೆಡುಕು ಮಾಡೋದು ಡ್ರಮ್ ತೊಳೆದ ನೀರು, ಉಳಿದ ದ್ರಾವಣ ಹಳ್ಳಕ್ಕೆ ಸುರಿಯೋದು, ಹಳ್ಳದ ದಂಡೆ ಮೇಲೇ ಕಲೆಸೋದು.

ಮಲೇಮನೆ:
ಕೃಷಿಕರ ಕಡೆಯಿಂದ ಒಂದು ಮಾತು. ಬೋರ್ಡೋ ಬಿಡಿ ಅಂದರೆ ಯಾರೂ ಕೇಳೋದಿಲ್ಲ, ಕೊಳೆ ಬಂದರೆ ವರ್ಷದ ಬೆಳೆ ನೆಲಕ್ಕೆ. ಆದರೆ ಮಾಡಬಹುದಾದ ಕೆಲಸ ಇದೆ. ಕಲೆಸುವ ಜಾಗ ಹಳ್ಳದಿಂದ ದೂರ, ಎತ್ತರದಲ್ಲಿ ಇಟ್ಟುಕೊಳ್ಳುವುದು. ಮೈಲುತುತ್ತ 50 ಲೀಟರ್ ನೀರಿನಲ್ಲಿ ಒಂದು ಪಾತ್ರೆ, ಸುಣ್ಣ 50 ಲೀಟರಿನಲ್ಲಿ ಇನ್ನೊಂದು ಪಾತ್ರೆ, ಆಮೇಲೆ ಎರಡನ್ನೂ ಕೂಡಿಸುವುದು. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡಬೇಕು. ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು, ಕರಗಿದ ತಾಮ್ರ ಹಾಗೇ ಉಳಿದಿದೆ ಎಂದರ್ಥ. ಅದು ಅಡಿಕೆಯ ಹಿಂಗಾರಕ್ಕೂ (ಹೂಗೊಂಚಲಿಗೂ) ಸುಡು, ನೀರಿನ ಜೀವಿಗೂ ಕೆಟ್ಟದ್ದು. ಆ ದಿನ ಬೇಕಾದಷ್ಟೇ ಕಲೆಸಿ, ಡ್ರಮ್ ತೊಳೆದ ನೀರನ್ನು ತೋಟದ ಒಳಗಿನ ಗುಂಡಿಗೆ ಬಿಡಬೇಕು. ಹಳ್ಳದ ಪಕ್ಕದ ಒಂದೆರಡು ಸಾಲಿಗೆ ಔಷಧಿಯ ಬದಲು ಕೊಟ್ಟೆ, ಅಂದರೆ ಗೊನೆಗೆ ಮಳೆ ತಾಗದಂತೆ ಹೊದಿಕೆ, ಕಟ್ಟುವುದೂ ಆಗುತ್ತದೆ. ಮರ ಹತ್ತುವ ಕೊನೆಗಾರರು ಸಿಗುವುದು ಕಷ್ಟ, ಖರ್ಚು ಹೆಚ್ಚು, ಆದರೂ ಒಂದೆರಡು ಸಾಲಿಗೆ ಮಾಡಬಹುದು.

ಸಿಂಗಳೀಕಕ್ಕೆ ನಮ್ಮ ಕಡೆಯ ಪ್ರಶ್ನೆ ಉಪ್ಪಾಗೆ. ಮಳೆಗಾಲದಲ್ಲಿ ಹಣ್ಣಾಗುವ ಮರ, ಸಿಪ್ಪೆಗೆ ಬೆಲೆ ಇದೆ. ಆ ಹಣ್ಣು ಸಿಂಗಳೀಕದ ಊಟವೂ ಹೌದು. ನಾನು ಮೊದಲು, ನೀನು ಮೊದಲು ಎಂದು ಕಾಯಿ ಇರುವಾಗಲೇ ಕೊಂಬೆ ಕಡಿದು ಕೊಯ್ದರೆ ಮಂಗಕ್ಕೂ ಇಲ್ಲ, ಮುಂದಿನ ವರ್ಷ ನಮಗೂ ಇಲ್ಲ. ಮಳೆಯಲ್ಲಿ ಬಿಸಿಲಿಗೆ ಒಣಗದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು, ಅದಕ್ಕೆ ಸುಡುವ ಸೌದೆಯೂ ಅದೇ ಕಾಡಿನದು. ಒಣಗಿಸಲು ಸೌದೆ ಕಡಿಮೆ ಸುಡುವ ಒಲೆ, ಹಣ್ಣಾದ ಮೇಲೆ ಮಾತ್ರ ಕೊಯ್ಲು, ಮರದ ತುದಿಯ ಹಣ್ಣು ಬಿಡುವುದು: ಇವಿಷ್ಟನ್ನು ಊರಿನ ಅರಣ್ಯ ಸಮಿತಿ ಸೇರಿ ನಿರ್ಧರಿಸಿದರೆ ನಡೆಯುತ್ತದೆ, ಒಬ್ಬನೇ ಮಾಡಿದರೆ ಪಕ್ಕದವನು ಕೊಯ್ಯುತ್ತಾನೆ.

ಕೆಂಪುಪಟ್ಟಿ ಓದುಗಿ:
ಮಲೇಮನೆಯವರ ಪೋಸ್ಟನ್ನ ಹಾಗೇ ಫಲಕದ ಕೆಳಸಾಲಿಗೆ ಹಾಕಿ ಅಂತ ನನ್ನ ಸಲಹೆ. ನಗರದ ಮಕ್ಕಳು "ಕಾಡು ಕಡೀಬೇಡಿ" ಅಂತ ಕೇಳಿ ಕೇಳಿ ಅಭ್ಯಾಸ ಆಗಿದೆ. ಡ್ರಮ್ ಎಲ್ಲಿ ತೊಳೀಬೇಕು ಅನ್ನೋದು ಅವರಿಗೆ ಹೊಸದು.

ವಂಶದ ವಿಷಯವನ್ನೂ ಸೇರಿಸಿ. ಪೆಡೊಸ್ಟಿಬಿಸ್ ಅನ್ನೋ ಕುಲದಲ್ಲಿ ಮೊದಲು ಆಗ್ನೇಯ ಏಷ್ಯಾದ ಮರನೆಲಗಪ್ಪೆಗಳೂ ಇದ್ದವು. 2016ರಲ್ಲಿ ಡಿಎನ್‌ಎ ನೋಡಿ ಅವುಗಳನ್ನ ರೆಂಟಾಪಿಯಾ ಅನ್ನೋ ಹೊಸ ಕುಲಕ್ಕೆ ಕಳಿಸಿದರು. ಈಗ ಪೆಡೊಸ್ಟಿಬಿಸ್ ಟ್ಯೂಬರ್ಕ್ಯುಲೋಸಸ್ ತನ್ನ ಕುಲದಲ್ಲಿ ಒಂಟಿ. ಸಿಂಗಳೀಕ, ಅಂದರೆ ಮಕಾಕಾ ಸೈಲೀನಸ್, ಹಾಗಲ್ಲ. ಅದರ ಕುಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿವೆ, ಬೆಂಗಳೂರಿನ ತಾರಸಿ ಮೇಲೆ ಓಡಾಡೋ ಕೋತಿಯೂ ಅದರ ದಾಯಾದಿಯೇ. ಯಾವುದು ಹೋದರೂ ನಷ್ಟವೇ, ಆದರೆ ಕಪ್ಪೆ ಹೋದರೆ ಒಂದು ಇಡೀ ಕುಲವೇ ಹೋಗುತ್ತೆ. ಹಣ, ಗಮನ ಎರಡೂ ಮಂಗದ ಕಡೆ ವಾಲಿರೋ ಹೊತ್ತಿನಲ್ಲಿ ಇದನ್ನ ದೊಡ್ಡ ಅಕ್ಷರದಲ್ಲಿ ಬರೆಯಲೇಬೇಕು ಅನ್ನಿಸುತ್ತೆ.

ಯಲಹಂಕದ ಓದುಗ:
ಒಂದು ಸಂದೇಹ. ಅಂಬೋಲಿ ನೆಲಗಪ್ಪೆ ‘ತೀವ್ರ ಅಳಿವಿನಂಚಿನ’ ದರ್ಜೆಯಲ್ಲಿ ಇದೆಯಲ್ಲ, ಅದನ್ನೇ ಹಾಕಬಹುದಿತ್ತಲ್ವಾ? ಕೊಡಗಿನ ಬ್ರಹ್ಮಗಿರಿಯ ತೊರೆ ನೆಲಗಪ್ಪೆಯೂ ಇದೆ.

ಹಳ್ಳದಂಚು:
ಇವೆ ಸರ್. ಅಂಬೋಲಿಯದು ಮಹಾರಾಷ್ಟ್ರದ ಅಂಬೋಲಿ ಸುತ್ತಿನ ಜಂಬಿಟ್ಟಿಗೆ ಬಂಡೆಗಳ ಮೇಲೆ ನಿಲ್ಲೋ ತೆಳು ಮಳೆನೀರಲ್ಲಿ ಮೊಟ್ಟೆ ಇಡುತ್ತೆ, ಮಳೆ ಬಿಟ್ಟರೆ ಗುಂಡಿ ಒಣಗಿ ಗೊದಮೊಟ್ಟೆ ಸಾಯ್ತವೆ. ಅದ್ಭುತ ಪ್ರಾಣಿ, ಆದರೆ ಸಿಂಗಳೀಕದ ಕಾಡಿಗೂ ಅದಕ್ಕೂ ಸಂಬಂಧ ಇಲ್ಲ. ಬ್ರಹ್ಮಗಿರಿಯದು ಹರಿಯೋ ತೊರೆಯ ಕಪ್ಪೆ, ಮರ ಹತ್ತಲ್ಲ. ಎರಡೂ ಮರವಾಸಿಗಳನ್ನ ಪಕ್ಕಪಕ್ಕ ಇಟ್ಟಾಗ ಮಾತ್ರ ‘ಒಂದೇ ಮರ, ಬೇರೆ ಬೇರೆ ಅಗತ್ಯ’ ಅನ್ನೋದು ಕಾಣುತ್ತೆ. ಇವರ ಆಯ್ಕೆ ಸರಿ ಇದೆ.

ಗುರುತು ಹಿಡಿಯೋ ಪೆಟ್ಟಿಗೆಯಲ್ಲಿ ಇದನ್ನ ಹಾಕಿ: ಸಾಮಾನ್ಯ ನೆಲಗಪ್ಪೆಯ ಕಣ್ಣಿನ ಸುತ್ತ ಕಪ್ಪು ಎಲುಬಿನ ಏಣು ಇರುತ್ತೆ, ಬೆರಳ ತುದಿ ಮೊಂಡು. ಮರನೆಲಗಪ್ಪೆಯ ತಲೆ ಮೇಲೆ ಆ ಏಣು ಇಲ್ಲ, ಬೆರಳ ತುದಿ ಅಗಲವಾಗಿ ಚಪ್ಪಟೆ, ಕಣ್ಣಿನ ಕೆಳಗಿಂದ ಹೆಗಲವರೆಗೆ ಒಂದು ಬಿಳಿ ಪಟ್ಟೆ, ಪಕ್ಕೆಯಲ್ಲಿ ಸಾಲು ಗಂಟು. ಇನ್ನು ಗಾತ್ರ. ದೊಡ್ಡ ಸಾಮಾನ್ಯ ನೆಲಗಪ್ಪೆ ಅಂಗೈ ತುಂಬುತ್ತೆ, ಇದು ಹೆಚ್ಚೆಂದರೆ ನಾಲ್ಕು ಸೆಂ.ಮೀ.

ಕಾನುದಾರಿ:
ಸಿಂಗಳೀಕಕ್ಕೂ ಒಂದು ಪೆಟ್ಟಿಗೆ ಮಾಡಿ. ಮೈ ಕಪ್ಪು, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲ ಸುಮಾರು 25 ಸೆಂ.ಮೀ., ತುದಿಯಲ್ಲಿ ಕುಚ್ಚು. ಮುಸಿಯದ (ಲಂಗೂರ್) ಬಾಲ ಮೈಗಿಂತ ಉದ್ದ, ಕುಚ್ಚು ಇಲ್ಲ. ಮರದ ನೆತ್ತಿಯಲ್ಲಿ ಮುಖ ಕಾಣದಿದ್ದಾಗ ಬಾಲ ನೋಡಿ ಹೇಳೋದೇ ಸುಲಭ.

ಈಗ ಪ್ರವಾಸದ ಪ್ರಶ್ನೆಗೆ ಬರ್ತೇನೆ. ಹನ್ನೆರಡು ಜನ, ಎರಡು ದಿನ, ಎರಡು ಪ್ರಾಣಿ. ನೋಡೋದು ಬೇರೆ, ಎಣಿಸೋದು ಬೇರೆ. ಎಣಿಕೆ ಅಂತ ಕರೆಯೋದಾದರೆ ಆಗೋದಿಲ್ಲ.

ಸಿಂಗಳೀಕದ ಗುಂಪು ಸಾಮಾನ್ಯವಾಗಿ 10–20 ಪ್ರಾಣಿ. ಮರದ ನೆತ್ತಿಯಲ್ಲಿ ಚದುರಿ ಮೇಯ್ತಾ ಇರ್ತವೆ. ಹನ್ನೆರಡು ಜನ ಕೆಳಗೆ ನಿಂತು ತಲೆ ಎತ್ತಿ ಎಣಿಸಿದರೆ ಹನ್ನೆರಡು ಉತ್ತರ ಬರ್ತದೆ. ನಿಖರ ಲೆಕ್ಕ ಸಿಗೋದು ಗುಂಪು ಒಂದು ಕಿಂಡಿಯನ್ನ, ಅಂದರೆ ಎರಡು ಮರದ ನಡುವಿನ ಒಂದೇ ಸೇತುವೆ ಕೊಂಬೆಯನ್ನ ದಾಟುವಾಗ. ಇಬ್ಬರು ಸಾಕು. ಒಬ್ಬರು ದುರ್ಬೀನು ಹಿಡಿದು "ದೊಡ್ಡ ಗಂಡು, ದೊಡ್ಡ ಹೆಣ್ಣು, ಮರಿ ಇರುವ ಹೆಣ್ಣು, ಹರೆಯದ್ದು" ಅಂತ ಮೆಲ್ಲಗೆ ಹೇಳೋದು, ಇನ್ನೊಬ್ಬರು ಬರೆಯೋದು. ಗುಂಪಿನ ಬಾಲಗೊಂಚಿ ದಾಟಿದ ಮೇಲೂ ಹತ್ತು ನಿಮಿಷ ಕಾಯಬೇಕು, ದೊಡ್ಡ ಗಂಡು ಎಷ್ಟೋ ಸಲ ಹಿಂದೆ ಉಳಿದಿರ್ತದೆ. ಬೆಳಿಗ್ಗೆ ಆರರಿಂದ ಹನ್ನೊಂದು, ಮಧ್ಯಾಹ್ನ ಮೂರರಿಂದ ಆರು. ನಡಿಗೆ ಗಂಟೆಗೆ ಒಂದು ಕಿ.ಮೀ. ಮೀರಬಾರದು. ನೇರ ಗೆರೆಯಲ್ಲಿ ನಡೆದು ದೂರ ಅಳೆಯುವ ವಿಧಾನಕ್ಕೆ 60–80 ಸಲ ಗುಂಪು ಕಾಣಬೇಕು. ಇಷ್ಟು ವಿರಳವಾದ ಪ್ರಾಣಿಗೆ ಎರಡು ದಿನದಲ್ಲಿ ಒಂದು ಸಲ ಕಂಡರೆ ಪುಣ್ಯ. ಜೂನ್ ಮಳೆಯಲ್ಲಿ ಮರದ ನೆತ್ತಿ ಮಂಜಲ್ಲಿ ಮುಚ್ಚಿರ್ತದೆ, ದುರ್ಬೀನಿನ ಗಾಜು ಹಬೆಗಟ್ಟುತ್ತದೆ. ಮಂಗ ಎಣಿಸೋಕೆ ಒಣ ತಿಂಗಳೇ ಬೇಕು.

ಹಳ್ಳದಂಚು:
ನನಗೆ ಬೇಕಾಗಿರೋದು ಅದೇ ಜೂನ್ ಮಳೆ. ಇದನ್ನೇ ಫಲಕಕ್ಕೆ ತಗೊಳ್ಳಿ: ಎರಡಕ್ಕೂ ಒಂದೇ ಸಮೀಕ್ಷೆ ಇಲ್ಲ, ಒಂದೇ ಋತು ಇಲ್ಲ, ಒಂದೇ ಹೊತ್ತೂ ಇಲ್ಲ.

ಕಪ್ಪೆಗೆ ರಾತ್ರಿ ಏಳರಿಂದ ಹನ್ನೊಂದು. ಹಳ್ಳದ 100 ಮೀಟರ್ ಅಳೆದು ಎರಡು ತುದಿಗೆ ಗುರುತು ಕಟ್ಟಿ, ಇಬ್ಬರು ಒಂದು ಗಂಟೆ ಅದರೊಳಗೇ ಹುಡುಕಬೇಕು. ಮೊದಲ ಹತ್ತು ನಿಮಿಷ ದೀಪ ಆರಿಸಿ ಸುಮ್ಮನೆ ಕಿವಿಗೊಡಿ. ಇದರ ಕೂಗು ಕೀಟದ ಸದ್ದಿನ ಥರ, ಪಕ್ಕದಲ್ಲೇ ಬೇರೆ ಮರಗಪ್ಪೆಗಳು ಜೋರಾಗಿ ಕೂಗ್ತಿದ್ದರೆ ಮುಳುಗಿಹೋಗುತ್ತೆ. ಫೋನಲ್ಲಿ ಧ್ವನಿಮುದ್ರಣ ಮಾಡಿದರೆ ಡಬ್ಲ್ಯುಎವಿ ಕಡತದಲ್ಲಿ ಇಡಿ, ವಾಟ್ಸಾಪಲ್ಲಿ ಕಳಿಸಿದರೆ ಸದ್ದು ಕುಗ್ಗಿ ವಿಶ್ಲೇಷಣೆಗೆ ಬರದ ಹಾಗೆ ಆಗುತ್ತೆ. ಗಾಳಿಯ ಉಷ್ಣತೆ, ತೇವಾಂಶ, ಕೊನೆಯ ಮಳೆ ಬಂದು ಎಷ್ಟು ಗಂಟೆ ಆಯ್ತು, ಇವಿಷ್ಟು ಬರೆಯದಿದ್ದರೆ ಸಿಕ್ಕಿದ್ದಕ್ಕೂ ಸಿಗದೇ ಇದ್ದದ್ದಕ್ಕೂ ಅರ್ಥ ಇಲ್ಲ.

ಸಿಗದೇ ಇದ್ದದ್ದು ಮುಖ್ಯ. ಕಪ್ಪೆ ಇರೋ ಹಳ್ಳದಲ್ಲಿ ಒಂದು ರಾತ್ರಿ ಹೋದಾಗ ಕಾಣುವ ಸಾಧ್ಯತೆ ಶೇ 30 ಅಂತ ಇಟ್ಟುಕೊಳ್ಳಿ, ಇದು ಲೆಕ್ಕ ತೋರಿಸೋಕೆ ಹಿಡಿದ ಸಂಖ್ಯೆ ಅಷ್ಟೇ. ಮೂರು ರಾತ್ರಿ ಹೋದರೂ ಒಮ್ಮೆಯಾದರೂ ಕಾಣುವ ಸಾಧ್ಯತೆ ಶೇ 66. ಐದು ರಾತ್ರಿಗೆ 83, ಎಂಟು ರಾತ್ರಿಗೆ 94. ಒಂದೇ ರಾತ್ರಿ ಹೋಗಿ ಬಂದು "ಇಲ್ಲಿ ಇಲ್ಲ" ಅಂತ ಬರೆದರೆ ಹತ್ತರಲ್ಲಿ ಏಳು ಸಲ ತಪ್ಪು. ಅಂಥ ತಪ್ಪು ವರದಿ ಯಾವುದೋ ಯೋಜನೆಯ ಕಡತದಲ್ಲಿ ಹೋಗಿ ಕೂತರೆ ಆ ಹಳ್ಳಕ್ಕೆ ಉಳಿಗಾಲವಿಲ್ಲ.

ಬಸವನಗುಡಿ ಬಳಗ:
ಅರ್ಥ ಆಯ್ತು. ಎಣಿಕೆ ಬಿಟ್ಟು ಆರು ಜನ ಮಾತ್ರ ಹೋಗ್ತೀವಿ, ಕಲಿಯೋಕೆ. ಅನುಮತಿ, ತಯಾರಿ ಏನು ಬೇಕು?

ಕೆಂಪುಪಟ್ಟಿ ಓದುಗಿ:
ಅಭಯಾರಣ್ಯದ ಒಳಗೆ ಅಧ್ಯಯನ, ಛಾಯಾಗ್ರಹಣ ಏನೇ ಇರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಪ್ರಕಾರ ಅನುಮತಿ ಬೇಕು. ಸಂಶೋಧನೆಗಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿ, ಅಂದರೆ ಮಲ್ಲೇಶ್ವರದ ಅರಣ್ಯ ಭವನಕ್ಕೆ ಅರ್ಜಿ. ಉದ್ದೇಶ, ವಿಧಾನ, ಜಾಗ, ದಿನಾಂಕ, ಎಲ್ಲರ ಹೆಸರು ಇರಬೇಕು. ಒಂದು ವಾರದಲ್ಲಿ ಸಿಗುತ್ತೆ ಅಂತ ನಂಬಿ ರೈಲು ಟಿಕೆಟ್ ಮಾಡಬೇಡಿ. ರಾತ್ರಿ ಹಳ್ಳಕ್ಕೆ ಇಳಿಯೋ ವಿಷಯವನ್ನ ಅರ್ಜಿಯಲ್ಲೇ ಬರೆದಿರಬೇಕು, ಅಲ್ಲಿ ಹೋಗಿ ವಲಯ ಅರಣ್ಯಾಧಿಕಾರಿಯನ್ನ ಬಾಯಿಮಾತಲ್ಲಿ ಕೇಳಿದರೆ ಅವರಿಗೂ ಇಕ್ಕಟ್ಟು. ಸಿಂಗಳೀಕ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರೋ ಪ್ರಾಣಿ. ಅದನ್ನ ಕಾಡೋದು, ಓಡಿಸೋದು ಕೂಡ ಅಪರಾಧ.

ಹಳ್ಳದಂಚು:
ತಯಾರಿಯಲ್ಲಿ ಒಂದು ತೊಡಕು ಇದೆ, ಮೊದಲೇ ತಿಳ್ಕೊಳ್ಳಿ. ಆ ಭಾಗ ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, ಉಣುಗಿನಿಂದ ಹರಡೋದು, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ವರೆಗೆ. ಅಂದರೆ ಮಂಗ ಎಣಿಸೋಕೆ ಒಳ್ಳೇ ಒಣ ತಿಂಗಳುಗಳೇ ಉಣುಗಿನ ತಿಂಗಳುಗಳೂ ಹೌದು. ಆಗ ಉಣುಗು ಕಚ್ಚದ ಹಾಗೆ ತಡೆಯೋ ಡೆಪಾ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಇಳೀಬೇಕು. ಸತ್ತ ಮಂಗ ಕಂಡರೆ ಮುಟ್ಟಬಾರದು, ಹತ್ತಿರದ ಆರೋಗ್ಯ ಕೇಂದ್ರಕ್ಕೂ ಅರಣ್ಯ ಸಿಬ್ಬಂದಿಗೂ ತಿಳಿಸಬೇಕು. ಆದರೆ ಅದೇ ಎಣ್ಣೆ, ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಕಪ್ಪೆ ಮುಟ್ಟಿದರೆ ಅದರ ಚರ್ಮ ನೇರ ಹೀರ್ಕೊಳ್ಳುತ್ತೆ. ಹಾಗಾಗಿ ಹಳ್ಳದಲ್ಲಿ ಕಪ್ಪೆ ಮುಟ್ಟೋದೇ ಬೇಡ, ಅಂಗೈಗೆ ಏನೂ ಹಚ್ಚಬೇಡಿ.

ಇಂಬಳಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪು ಹಚ್ಚಿದ ಬೂಟಲ್ಲಿ ಹಳ್ಳಕ್ಕೆ ಇಳಿಯೋದೂ ಅದೇ ತಪ್ಪು. ಬಿಗಿ ಬಟ್ಟೆಯ ಇಂಬಳದ ಕಾಲುಚೀಲ ಸಿಗುತ್ತೆ, ಅದು ಸಾಕು.

ಬೂಟಿನ ಇನ್ನೊಂದು ಕೆಲಸ. ಉಭಯಚರಗಳ ಚರ್ಮಕ್ಕೆ ಬರುವ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಪತ್ತೆಯಾಗಿದೆ. ಹಳ್ಳದಿಂದ ಹಳ್ಳಕ್ಕೆ ಅದನ್ನ ನಾವೇ ಹೊತ್ತೊಯ್ಯಬಾರದು. ಮೊದಲು ಬ್ರಷ್ ಹಾಕಿ ಮಣ್ಣು ಪೂರ್ತಿ ತೆಗೀಬೇಕು, ಮಣ್ಣಿದ್ದರೆ ಬ್ಲೀಚ್ ಕೆಲಸ ಮಾಡಲ್ಲ. ಆಮೇಲೆ ಒಂದು ಪಾಲು ಮನೆ ಬಳಕೆಯ ದ್ರವ ಬ್ಲೀಚ್, ಒಂಬತ್ತು ಪಾಲು ನೀರು, ಹತ್ತು ನಿಮಿಷ ನೆನೆಸಿ, ಒಳ್ಳೇ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಬ್ಲೀಚ್ ನೀರು ಹಳ್ಳದ ಹತ್ತಿರ ಚೆಲ್ಲಬೇಡಿ. ದ್ರಾವಣ ದಿನಾ ಹೊಸದಾಗಿ ಮಾಡಿ, ಹಿಂದಿನ ದಿನದ್ದು ಸತ್ವ ಕಳ್ಕೊಂಡಿರುತ್ತೆ.

ಕಾನುದಾರಿ:
ರಸ್ತೆಯ ಬಗ್ಗೆ ಹೇಳದೆ ಇರೋಕಾಗೋದಿಲ್ಲ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಮಲೇಮನೆ ಘಟ್ಟದಲ್ಲಿ ಸಿಂಗಳೀಕ ರಸ್ತೆ ಬದಿ ಕೂತಿದ್ದರೆ ಅದು ಪ್ರವಾಸಿಗರು ಎಸೆದ ತಿಂಡಿಯ ಫಲ. ಮರದ ನೆತ್ತಿಯ ಪ್ರಾಣಿ ಟಾರಿನ ಮೇಲೆ ಕೂತಿದೆ ಅಂದರೆ ಅದೇ ಮೊದಲ ಅಪಾಯದ ಸೂಚನೆ. ನಿಲ್ಲಿಸಬೇಡಿ, ಕಿಟಕಿ ತೆರೆಯಬೇಡಿ, ಬಾಳೆಹಣ್ಣೂ ಬೇಡ. ತಮಿಳುನಾಡಿನ ವಾಲ್ಪಾರೈನಲ್ಲಿ ತುಂಡಾದ ಕಾಡುಗಳ ನಡುವಿನ ರಸ್ತೆ ಮೇಲೆ ಮರದಿಂದ ಮರಕ್ಕೆ ಕ್ಯಾನ್ವಾಸ್ ಹೋಸಿನ ಸೇತುವೆ ಕಟ್ಟಿದ್ದಾರೆ, ಸಿಂಗಳೀಕ ಅದನ್ನ ಬಳಸ್ತದೆ. ಆದರೆ ಸೇತುವೆ ಕಟ್ಟಿ ಆಯ್ತು ಅಂತ ಇಲ್ಲ. ಮಳೆ ಬಿಸಿಲಿಗೆ ಸಡಿಲಾಗ್ತದೆ, ಮರ ಬೆಳೆದು ಕಟ್ಟು ಬಿಗಿದು ತೊಗಟೆ ಕೊರೀತದೆ, ಹಾಗಾಗಿ ವರ್ಷ ವರ್ಷ ನೋಡ್ತಾ ಇರಬೇಕು. ಎರಡೂ ಕಡೆ ಕೊಂಬೆಗಳು ರಸ್ತೆ ಮೇಲೆ ಕೂಡಿರುವ ಕಡೆ ಆ ಕೊಂಬೆ ಕಡಿಯದೆ ಬಿಡೋದು ಯಾವ ಸೇತುವೆಗಿಂತಲೂ ಅಗ್ಗ.

ಅದೇ ರಸ್ತೆ ರಾತ್ರಿ ಕಪ್ಪೆಗೆ. ಮೊದಲ ಮಳೆಯ ರಾತ್ರಿ ಟಾರಿನ ಮೇಲೆ ಕಪ್ಪೆಗಳು ಕೂತಿರ್ತವೆ, ನಾಲ್ಕು ಸೆಂ.ಮೀ. ಪ್ರಾಣಿ ಹೆಡ್‌ಲೈಟಲ್ಲಿ ಎಲೆಯ ಹಾಗೆ ಕಾಣ್ತದೆ. ಮೇಲಿನ ಸೇತುವೆ ಅದಕ್ಕೆ ಉಪಯೋಗ ಇಲ್ಲ. ಅದಕ್ಕೆ ಬೇಕಾದ್ದು ಹಳ್ಳ ಹರಿಯುವ ಮೋರಿಯ ತಳ ನೆಲದ ಮಟ್ಟದಲ್ಲಿರೋದು, ಆಚೆ ತುದಿಯಲ್ಲಿ ನೀರು ಎತ್ತರದಿಂದ ಧುಮುಕದೆ ಇರೋದು. ಒಂದೇ ರಸ್ತೆಗೆ ಎರಡು ಪರಿಹಾರ, ಒಂದು ನೆತ್ತಿಯಲ್ಲಿ, ಒಂದು ಬುಡದಲ್ಲಿ. ರಸ್ತೆ ಅಗಲೀಕರಣದ ಅಂದಾಜುಪಟ್ಟಿಯಲ್ಲಿ ಎರಡನ್ನೂ ಮೊದಲೇ ಸೇರಿಸಿದರೆ ಖರ್ಚು ಕಡಿಮೆ.

ಯಲಹಂಕದ ಓದುಗ:
ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನ (ಕೆಳಗಿನ ಜಲಾಶಯದ ನೀರನ್ನ ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ಮಾಡೋದು) ಫಲಕದಲ್ಲಿ ಹೇಳಬೇಕಾ? 2,000 ಮೆಗಾವಾಟ್, ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ ಜಲಾಶಯ, ನಡುವೆ ಇದೇ ಅಭಯಾರಣ್ಯ. ಬೆಂಗಳೂರಿನ ದೀಪಕ್ಕೂ ಶರಾವತಿಗೂ ನಂಟು ಇದ್ದೇ ಇದೆ.

ಕೆಂಪುಪಟ್ಟಿ ಓದುಗಿ:
ಹೇಳಬೇಕು, ಆದರೆ ಪರ–ವಿರೋಧದ ಘೋಷಣೆಯಾಗಿ ಬೇಡ, ಪ್ರಶ್ನೆಯಾಗಿ. ಸುರಂಗ ನೆಲದಡಿ ಹೋದರೂ ಅದಕ್ಕೆ ದಾರಿ ಬೇಕು, ಅಗೆದ ಮಣ್ಣು ಕಲ್ಲು ಎಲ್ಲಾದರೂ ಸುರಿಯಬೇಕು. ದಾರಿಯಿಂದ ಚಪ್ಪರ ಕಡಿದರೆ ಮಂಗದ ಗುಂಪು ಎರಡಾಗುತ್ತೆ. ಗುಂಪಿನಿಂದ ಗುಂಪಿಗೆ ಹೋಗೋದು ಗಂಡುಗಳು, ಹೆಣ್ಣುಗಳು ಹುಟ್ಟಿದ ಗುಂಪಲ್ಲೇ ಇರ್ತವೆ, ಹಾಗಾಗಿ ದಾರಿ ಮುಚ್ಚಿದರೆ ಹೊಸ ರಕ್ತ ಬರೋದು ನಿಲ್ಲುತ್ತೆ. ಸುರಿದ ಮಣ್ಣು ಮಳೆಗೆ ಹಳ್ಳಕ್ಕೆ ಇಳಿದರೆ ಕಪ್ಪೆಗೆ ಹೊಡೆತ. ಪರಿಸರ ಪರಿಣಾಮದ ಯಾವುದೇ ವರದಿ ಕೈಗೆ ಬಂದರೂ ಮಕ್ಕಳು ಮೂರು ವಿಷಯ ಹುಡುಕಲಿ: ಉಭಯಚರ ಸಮೀಕ್ಷೆ ಯಾವ ತಿಂಗಳಲ್ಲಿ ಆಯ್ತು, ಎಷ್ಟು ರಾತ್ರಿ, ಪುಟ್ಟ ಹಳ್ಳಗಳಿಗೆ ಇಳಿದರಾ. ಜನವರಿಯಲ್ಲಿ ಹಗಲು ಹೊತ್ತು ಹೋಗಿ ಮರನೆಲಗಪ್ಪೆ ಇಲ್ಲ ಅಂದರೆ ಆ ಸಾಲಿಗೆ ಬೆಲೆ ಇಲ್ಲ.

ಮಾಡರೇಟರ್:
ಯೋಜನೆಯ ಬಗ್ಗೆ ಪ್ರತ್ಯೇಕ ಎಳೆ ಇದೆ, ಮುಂದಿನ ಮಾತು ಅಲ್ಲಿ. ಇನ್ನೊಂದು ವಿನಂತಿ: ಕಪ್ಪೆ ಕಂಡ ಹಳ್ಳದ ಅಕ್ಷಾಂಶ ರೇಖಾಂಶ, ಜಾಗದ ಗುರುತು ಇರುವ ಚಿತ್ರ ಇಲ್ಲಿ ಹಾಕಬೇಡಿ. ಜಿಲ್ಲೆಯ ಹೆಸರು ಸಾಕು. ಫೋನಿನ ಕ್ಯಾಮೆರಾದಲ್ಲಿ ಸ್ಥಳ ಗುರುತು ಆರಿಸಿಯೇ ಚಿತ್ರ ತೆಗೆಯಿರಿ.

ಬಸವನಗುಡಿ ಬಳಗ:
ಹೊಸ ತಲೆಬರಹ: "ಒಂದೇ ಮರ, ಎರಡು ಲೆಕ್ಕ". ನಡುವಿನ ಸಾಲಿಗೆ ಹೆರಿಗೆಯ ಗಣಿತ, ಕೆಳಗೆ ಡ್ರಮ್ ಮತ್ತು ಉಪ್ಪಾಗೆ, ಮೂಲೆಯಲ್ಲಿ ಬೆಂಗಳೂರಿನ ಕೋತಿ ಮತ್ತು ಸಾಮಾನ್ಯ ನೆಲಗಪ್ಪೆ. ಚಿತ್ರದ ಗಾತ್ರ ಮಾತ್ರ ಗೊಂದಲ. ಮಂಗ ದೊಡ್ಡದು, ಕಪ್ಪೆ ಚುಕ್ಕಿ ಆಗಿಬಿಡುತ್ತೆ ಅಂತ ಕಪ್ಪೆಯನ್ನ ಹತ್ತು ಪಟ್ಟು ಹಿಗ್ಗಿಸೋಣ ಅಂತಿದ್ದೀವಿ.

ಕೆಂಪುಪಟ್ಟಿ ಓದುಗಿ:
ಮೂಲೆಯ ಕೋತಿಗೆ ‘ಸಾಮಾನ್ಯ’ ಅಂತ ಬರೆಯಬೇಡಿ. ದಕ್ಷಿಣ ಭಾರತಕ್ಕೆ ಸೀಮಿತವಾದ ಆ ಕೋತಿಯೂ ಈಗ ಕೆಂಪು ಪಟ್ಟಿಯಲ್ಲಿ ‘ಅಪಾಯಕ್ಕೀಡಾಗಬಲ್ಲ’ ದರ್ಜೆಯಲ್ಲಿದೆ.

ಹಳ್ಳದಂಚು:
ಹಿಗ್ಗಿಸಬೇಡಿ. ನಿಮ್ಮ ಫಲಕ 122 ಸೆಂ.ಮೀ. ಅಗಲ, 91 ಸೆಂ.ಮೀ. ಎತ್ತರ. ಸಿಂಗಳೀಕದ ತಲೆಯಿಂದ ಬಾಲದ ಬುಡದವರೆಗೆ 42–61 ಸೆಂ.ಮೀ., ನಿಜ ಗಾತ್ರದಲ್ಲೇ ಕೂರುತ್ತೆ. ಕಪ್ಪೆಯನ್ನೂ ನಿಜ ಗಾತ್ರದಲ್ಲಿ, ನಾಲ್ಕು ಸೆಂ.ಮೀ.ಯಷ್ಟೇ ಬಿಡಿಸಿ, ಮಕ್ಕಳ ಕಣ್ಣಿನ ಮಟ್ಟಕ್ಕೆ, ನೆಲದಿಂದ 130 ಸೆಂ.ಮೀ. ಆಸುಪಾಸಿನಲ್ಲಿ ಬರೋ ಹಾಗೆ ಒಂದು ತೊಗಟೆಯ ಮೇಲೆ ಇಡಿ. ಬೆರಳ ತುದಿ, ಬಿಳಿ ಪಟ್ಟೆ ಕಾಣೋಕೆ ಪಕ್ಕದಲ್ಲಿ ಒಂದು ಭೂತಗನ್ನಡಿ ದಾರದಲ್ಲಿ ಕಟ್ಟಿಬಿಡಿ.